ಭತ್ತದ ಪಟ್ಟಿಯ ಜಾವಾ ತಂತ್ರಾಂಶ: ಡೇಟಾಬೇಸ್, ಲೆಕ್ಕ, ಪರದೆ ಮೂರನ್ನೂ ಬೇರ್ಪಡಿಸುವುದು ಹೇಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೆ ತಂತ್ರಾಂಶ ಬರೆದುಕೊಡುವವರ ಕೈಗೆ ಇಂದಲ್ಲ ನಾಳೆ ಒಂದು ಕಡತ ಬಂದೇ ಬರುತ್ತದೆ. ಅದರ ಹೆಸರು ‘ಪಟ್ಟಿ’ (ರೈತರಿಂದ ಕೊಂಡ ಭತ್ತದ ತೂಕ, ಕಡಿತ, ಮೊತ್ತ ಬರೆದ ಚೀಟಿ), ವಿಸ್ತರಣೆ ಜೆಎಸ್‌ಪಿ, ಅಂದರೆ ಎಚ್‌ಟಿಎಂಎಲ್ ನಡುವೆ ಜಾವಾ ಬೆರೆಸಿ ಬರೆಯುವ ವೆಬ್ ಪುಟ. ತೆರೆದರೆ ಮೊದಲ ಸಾಲುಗಳಲ್ಲೇ ಡೇಟಾಬೇಸಿನ ಪಾಸ್‌ವರ್ಡ್. ಕೆಳಗೆ ಉದ್ದನೆಯ ಎಸ್‌ಕ್ಯೂಎಲ್ (ಡೇಟಾಬೇಸಿನ ಜೊತೆ ಮಾತಾಡುವ ಭಾಷೆ). ನಡುವೆ ಟೇಬಲ್ ಟ್ಯಾಗು, ಆ ಟ್ಯಾಗಿನ ಹೊಟ್ಟೆಯೊಳಗೆ ತೇವಾಂಶದ ಕಡಿತ, ಅದರ ಪಕ್ಕದಲ್ಲೇ ಹಮಾಲಿ, ಮುಂಗಡದ ಮುರಿವು, ಬಣ್ಣ, ಫಾಂಟು. ಎಲ್ಲವೂ ಕೆಲಸ ಮಾಡುತ್ತಿದೆ, ಅದೇ ತೊಂದರೆ. ಒಂದು ದಿನ ಗಿರಣಿಯ ಸಾಹುಕಾರರು ಫೋನ್ ಮಾಡಿ, ‘ಇನ್ನು ಮುಂದೆ ದರವನ್ನು ಚೀಲಕ್ಕಲ್ಲ, ಕ್ವಿಂಟಲಿಗೆ ಹಾಕಿ ಸರ್’ ಎನ್ನುತ್ತಾರೆ. ನಮ್ಮ ಕಡೆ ಖಾಸಗಿ ವ್ಯಾಪಾರದಲ್ಲಿ ಭತ್ತದ ದರ ಹೇಳುವುದು 75 ಕಿಲೋ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ಆ 75 ಎಂಬ ಅಂಕಿ ಪರದೆಯ ಕಡತದಲ್ಲಿದೆ, ಮುದ್ರಣದ ಕಡತದಲ್ಲಿದೆ, ತಿಂಗಳ ವರದಿಯ ಎಸ್‌ಕ್ಯೂಎಲ್‌ನಲ್ಲೂ ಇದೆ. ಯಾವುದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ.

ಇಂಥ ಒಂದು ತಂತ್ರಾಂಶವನ್ನು, ಅದು ನಡೆಯುತ್ತಿರುವಾಗಲೇ, ಮೂರು ಪದರಗಳಾಗಿ ಬಿಡಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಹೆಚ್ಚಿನ ಪಾಠಗಳು ಡೇಟಾಬೇಸ್ ಕೋಡ್‌ನಿಂದ ಶುರುಮಾಡುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲು ಹೊರಗೆ ಬರಬೇಕಾದದ್ದು ಲೆಕ್ಕ, ಏಕೆಂದರೆ ದುಡ್ಡು ಇರುವುದು ಅಲ್ಲಿ. ಡೇಟಾಬೇಸ್ ಕೋಡ್ ಗಲೀಜಾಗಿದ್ದರೆ ನಿಮಗೆ ಕಷ್ಟ. ಲೆಕ್ಕ ಎರಡು ಕಡೆ ಇದ್ದರೆ ರೈತನಿಗೆ ನಷ್ಟ.

ಮೊದಲು ಬೇಕಾದದ್ದು

ಜಾವಾ 17 ಅಥವಾ 21, ಜಾವಾ ವೆಬ್ ಪುಟಗಳನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್ 10.1, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್ 8, ಪರೀಕ್ಷೆ ಬರೆಯಲು ಜೆಯುನಿಟ್ 5. ಬಿಲ್ಡ್ ಮಾಡಲು ಮೇವನ್ ಇದ್ದರೆ ಒಳ್ಳೆಯದು. ಹಳೆಯ ಪ್ರಾಜೆಕ್ಟು ಟಾಮ್‌ಕ್ಯಾಟ್ 9ರಲ್ಲಿದ್ದರೆ ಸದ್ಯಕ್ಕೆ ಅಲ್ಲೇ ಇರಲಿ. ಟಾಮ್‌ಕ್ಯಾಟ್ 10ರಿಂದ ಸರ್ವ್ಲೆಟ್‌ನ (ಬ್ರೌಸರಿನ ಬೇಡಿಕೆಗೆ ಉತ್ತರಿಸುವ ಜಾವಾ ಕ್ಲಾಸು) ಪ್ಯಾಕೇಜುಗಳ ಹೆಸರು ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಆಗಿದೆ. 2020ರಲ್ಲಿ ಬಂದ ಜಕಾರ್ತಾ ಇಇ 9 ಈ ಬದಲಾವಣೆ ತಂದಿತು. ಹಳೆಯ ಪಾಠದ ಕೋಡನ್ನು ಹೊಸ ಟಾಮ್‌ಕ್ಯಾಟಿಗೆ ಅಂಟಿಸಿದಾಗ ‘ಪ್ಯಾಕೇಜ್ ಇಲ್ಲ’ ಎಂದು ಬರುವ ದೋಷಗಳಲ್ಲಿ ಬಹುಪಾಲು ಇದರಿಂದಲೇ. ಪದರ ಬಿಡಿಸುವ ಕೆಲಸವನ್ನೂ ಆವೃತ್ತಿ ಏರಿಸುವ ಕೆಲಸವನ್ನೂ ಒಟ್ಟಿಗೆ ಮಾಡಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಇಲ್ಲದಿದ್ದರೆ ಇಂದೇ ಹಾಕಿಕೊಳ್ಳಿ. ‘ಪಟ್ಟಿ ಹಳೆಯದು’, ‘ಪಟ್ಟಿ ಹೊಸ’, ‘ಪಟ್ಟಿ ಹೊಸ ಕೊನೆಯದು’ ಎಂಬ ಫೋಲ್ಡರುಗಳ ಕಾಲ ಮುಗಿಯಲಿ.

ಹಂತ 1: ಹಳೆಯ ಕಡತವನ್ನು ಕೈಯಲ್ಲಿ ಹಿಡಿದು ಓದಿ

ಜೆಎಸ್‌ಪಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮೂರು ಬಣ್ಣದ ಪೆನ್ನು ತೆಗೆದುಕೊಂಡು ಪ್ರತಿ ಸಾಲಿಗೂ ಗುರುತು ಹಾಕಿ. ಯಾವ ಬಣ್ಣ ಎಂದು ನಿರ್ಧರಿಸಲು ಒಂದೇ ಪ್ರಶ್ನೆ ಸಾಕು: ಈ ಸಾಲನ್ನು ಬದಲಿಸಿ ಎಂದು ನಾಳೆ ಯಾರು ಬಂದು ಹೇಳುತ್ತಾರೆ?

ಸಾಹುಕಾರರು ಅಥವಾ ಅವರ ಲೆಕ್ಕಿಗರು ಹೇಳುವಂಥದ್ದಾದರೆ ಅದು ಲೆಕ್ಕ: ದರ, ಕಡಿತ, ಹಮಾಲಿ, ಮುಂಗಡವನ್ನು ಯಾವ ಪಟ್ಟಿಯಲ್ಲಿ ಮುರಿದುಕೊಳ್ಳಬೇಕು ಎಂಬುದು. ಕಂಪ್ಯೂಟರ್ ಮುಂದೆ ಕೂತ ಗುಮಾಸ್ತರು ಹೇಳುವಂಥದ್ದಾದರೆ ಅದು ಪರದೆ: ಅಕ್ಷರ ಚಿಕ್ಕದು, ಕಾಲಂ ಹಿಂದೆ ಮುಂದೆ, ಮುದ್ರಣ ಎರಡನೇ ಹಾಳೆಗೆ ಹೋಗುತ್ತಿದೆ. ನೀವೇ ನಿಮಗೆ ಹೇಳಿಕೊಳ್ಳುವಂಥದ್ದಾದರೆ ಅದು ಡೇಟಾಬೇಸ್: ಇಂಡೆಕ್ಸ್ ಬೇಕು, ಟೇಬಲ್ ಒಡೆಯಬೇಕು, ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗಬೇಕು.

ಹೀಗೆ ನೋಡಿದಾಗ ಕೆಲವು ಸಾಲುಗಳು ಅಚ್ಚರಿ ಹುಟ್ಟಿಸುತ್ತವೆ. ಜಾವಾದಲ್ಲಿ ಬರೆದ ಸಾಲುಗಳೆಲ್ಲ ಲೆಕ್ಕವಲ್ಲ. 154689.99 ಎಂಬುದನ್ನು 1,54,689.99 ಎಂದು ಲಕ್ಷದ ಅಲ್ಪವಿರಾಮ ಹಾಕಿ ತೋರಿಸುವ ಕೋಡ್ ಜಾವಾದಲ್ಲಿದ್ದರೂ ಅದು ಪರದೆಯ ಸಂಗತಿ. ಎಸ್‌ಕ್ಯೂಎಲ್‌ನಲ್ಲಿ ಇರುವುದೆಲ್ಲ ಡೇಟಾಬೇಸಿನದಲ್ಲ. ಒಟ್ಟು ತೂಕವನ್ನು 75ರಿಂದ ಭಾಗಿಸುವ ಎಸ್‌ಕ್ಯೂಎಲ್ ಸಾಲು ವೇಷ ಮರೆಸಿಕೊಂಡ ಲೆಕ್ಕ. ಭಾಷೆ ನೋಡಿ ಪದರ ವಿಂಗಡಿಸುವವರು ಇಲ್ಲೇ ಎಡವುತ್ತಾರೆ.

ಈ ವಿಂಗಡಣೆ ಹೊಸದೇನಲ್ಲ. 1979ರ ಸುಮಾರಿಗೆ ಟ್ರಿಗ್ವೆ ರೀನ್ಸ್‌ಕೌಗ್ ಅವರು ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ ಮಾಡೆಲ್ (ಮಾಹಿತಿ), ವ್ಯೂ (ಪರದೆ), ಕಂಟ್ರೋಲರ್ (ಬಳಕೆದಾರರ ಸೂಚನೆ ನೋಡಿಕೊಳ್ಳುವುದು) ಎಂಬ ವಿಭಾಗವನ್ನು ರೂಪಿಸಿದ್ದರು. ಜೆಎಸ್‌ಪಿ ಬಂದ ಹೊಸತರಲ್ಲೇ ‘ಮಾಡೆಲ್ 2’ ಎಂಬ ಹೆಸರಿನಲ್ಲಿ ಅದು ಜಾವಾ ವೆಬ್ಬಿಗೂ ಇಳಿಯಿತು: ಬೇಡಿಕೆ ಸರ್ವ್ಲೆಟ್‌ಗೆ ಬರಲಿ, ತೋರಿಸುವ ಕೆಲಸ ಮಾತ್ರ ಜೆಎಸ್‌ಪಿಗಿರಲಿ ಎಂದು. ನಾವು ಮಾಡುತ್ತಿರುವುದೂ ಅದನ್ನೇ.

ಹಂತ 2: ಸಾಕ್ಷಿ ಪಟ್ಟಿಗಳನ್ನು ಎತ್ತಿಡಿ

ಒಂದಕ್ಷರ ಬದಲಿಸುವ ಮೊದಲು, ಹಳೆಯ ತಂತ್ರಾಂಶದಿಂದ ಒಂದಷ್ಟು ಪಟ್ಟಿಗಳ ಒಳಅಂಕಿ ಮತ್ತು ಹೊರಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಸುಮ್ಮನೆ ಕೈಗೆ ಸಿಕ್ಕವು ಬೇಡ. ಒಣಗಿದ ಭತ್ತದ್ದೊಂದು, ಹಸಿ ಭತ್ತದ್ದೊಂದು, ತೇವಾಂಶ ಸರಿಯಾಗಿ ಮಿತಿಯ ಮೇಲೇ ನಿಂತದ್ದೊಂದು, ಮುಂಗಡ ಪಡೆದವರದ್ದು, ಮುಂಗಡ ಪಟ್ಟಿಯ ಮೊತ್ತಕ್ಕಿಂತ ಹೆಚ್ಚಾಗಿರುವವರದ್ದು, ಒಂದೇ ಚೀಲದ್ದು, ಲಾರಿ ತುಂಬಿದ್ದು. ಆಮೇಲೆ ಹೊಸ ಕೋಡ್ ಸರಿಯೇ ಎಂದು ಹೇಳುವುದು ಇವೇ. ಹಳೆಯ ಕೋಡ್‌ನಲ್ಲಿ ತಪ್ಪು ಕಂಡರೂ ಈಗ ತಿದ್ದಬೇಡಿ. ಮೊದಲು ತಪ್ಪಿನ ಸಮೇತ ಬೇರ್ಪಡಿಸಿ, ಆಮೇಲೆ ಸಾಹುಕಾರರನ್ನು ಕೇಳಿ ತಿದ್ದಿ. ನೀವು ತಪ್ಪು ಎಂದುಕೊಂಡದ್ದು ಅವರ ವ್ಯವಹಾರದ ಮಾತೇ ಆಗಿರಬಹುದು.

ಹಂತ 3: ಲೆಕ್ಕವನ್ನು ಹೊರಗೆ ತೆಗೆಯಿರಿ

ಇದು ಇಡೀ ಕೆಲಸದ ತಿರುಳು. ಒಂದು ಉದಾಹರಣೆಯನ್ನು ಅಂಕಿಗಳೊಂದಿಗೇ ನೋಡೋಣ. ಟ್ರ್ಯಾಕ್ಟರ್ ಕಾಟಾದ ಮೇಲೆ ಬಂತು. ತುಂಬಿದ ತೂಕ 9,840 ಕಿಲೋ, ಖಾಲಿ ತೂಕ 3,560, ನಿವ್ವಳ 6,280. ಚೀಲ 82. ಒಂದು ಖಾಲಿ ಚೀಲಕ್ಕೆ 600 ಗ್ರಾಂ ಎಂದು ಹಿಡಿದರೆ 49.2 ಕಿಲೋ ಕಳೆಯಬೇಕು, ಉಳಿದದ್ದು 6,230.8. ತೇವಾಂಶ 19. ಮಿತಿ 17, ಮಿತಿ ದಾಟಿದ ಪ್ರತಿ ಅಂಶಕ್ಕೆ ತೂಕದಲ್ಲಿ ಶೇಕಡಾ ಒಂದು ಕಡಿತ ಎಂದು ಈ ಗಿರಣಿಯ ಮಾತು ಎಂದಿಟ್ಟುಕೊಳ್ಳಿ. (ಬೆಂಬಲ ಬೆಲೆಯ ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶದ ಮಿತಿ ಶೇ 17. ಖಾಸಗಿಯಲ್ಲಿ ಅದು ಮಾತುಕತೆಯ ವಿಷಯ.) ಎರಡು ಅಂಶಕ್ಕೆ 124.616 ಕಿಲೋ ಹೋಗಿ 6,106.184 ಕಿಲೋ ಉಳಿಯಿತು. ದರ 75 ಕಿಲೋಗೆ 1,900 ರೂಪಾಯಿ.

ಈಗ ಮುದ್ರಣದ ಜೆಎಸ್‌ಪಿ ಮೊದಲು ತೂಕವನ್ನು ಚೀಲಕ್ಕೆ ಇಳಿಸಿ, ಎರಡು ದಶಮಾಂಶಕ್ಕೆ ಸರಿಮಾಡಿ, 81.42 ಚೀಲ ಎಂದು ತೋರಿಸಿ, ಅದನ್ನೇ 1,900ರಿಂದ ಗುಣಿಸುತ್ತದೆ: 1,54,698 ರೂಪಾಯಿ. ಪರದೆಯ ಜೆಎಸ್‌ಪಿ ನಡುವೆ ಸರಿಮಾಡದೆ ಗುಣಿಸಿ ಕೊನೆಯಲ್ಲಿ ಪೈಸೆಗೆ ಸರಿಮಾಡುತ್ತದೆ: 1,54,689.99. ವ್ಯತ್ಯಾಸ 8 ರೂಪಾಯಿ 1 ಪೈಸೆ. ಎಂಟು ರೂಪಾಯಿ ಯಾರನ್ನೂ ಮುಳುಗಿಸುವುದಿಲ್ಲ. ಆದರೆ ರೈತರ ಕೈಯಲ್ಲಿರುವ ಚೀಟಿ ಒಂದು ಹೇಳಿ, ಗುಮಾಸ್ತರ ಪರದೆ ಇನ್ನೊಂದು ಹೇಳಿದರೆ ಆ ಗಿರಣಿಯ ಕಾಟಾವನ್ನೂ ಜನ ಅನುಮಾನದಿಂದ ನೋಡತೊಡಗುತ್ತಾರೆ. ಎರಡೂ ಕಡತಗಳಲ್ಲಿ ‘ತಪ್ಪು’ ಇಲ್ಲ. ಲೆಕ್ಕ ಎರಡು ಕಡೆ ಇರುವುದೇ ತಪ್ಪು.

ಆದ್ದರಿಂದ ‘ಪಟ್ಟಿಲೆಕ್ಕ’ ಎಂಬ ಒಂದು ಸಾಮಾನ್ಯ ಜಾವಾ ಕ್ಲಾಸ್ ಮಾಡಿ. ಅದರ ಪಕ್ಕದಲ್ಲಿ ‘ಖರೀದಿನಿಯಮ’ ಎಂಬ ಇನ್ನೊಂದು. ರೂಪ ಹೀಗಿರಲಿ, ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ:

ಖರೀದಿನಿಯಮ { ದರದ ಘಟಕ = 75, ಖಾಲಿ ಚೀಲ = 0.6, ತೇವಾಂಶ ಮಿತಿ = 17, ಅಂಶಕ್ಕೆ ಕಡಿತ = 1, ಹಮಾಲಿ }

ಪಟ್ಟಿಲೆಕ್ಕ.ಮಾಡು(ಕಾಟಾ ತೂಕ, ಚೀಲ, ತೇವಾಂಶ, ದರ, ನಿಯಮ) → ಪಟ್ಟಿಫಲಿತ

ಪಟ್ಟಿಫಲಿತ { ನಿವ್ವಳ, ಚೀಲದ ಕಡಿತ, ತೇವಾಂಶದ ಕಡಿತ, ಲೆಕ್ಕದ ತೂಕ, ಒಟ್ಟು ಮೊತ್ತ, ಹಮಾಲಿ, ಕೊಡಬೇಕಾದದ್ದು }

ಗಮನಿಸಿ, ಫಲಿತದಲ್ಲಿ ಕೊನೆಯ ಮೊತ್ತ ಮಾತ್ರವಲ್ಲ, ನಡುವಿನ ಪ್ರತಿ ಅಂಕಿಯೂ ಇದೆ. ಚೀಟಿಯಲ್ಲಿ ಅವೆಲ್ಲ ಮುದ್ರಣವಾಗಬೇಕು. ನೀವು ಕೊಡದಿದ್ದರೆ ಜೆಎಸ್‌ಪಿ ಬರೆಯುವವನು ತಾನೇ ಕಳೆದು ಕೂಡಿಸಿ ತೋರಿಸುತ್ತಾನೆ, ಲೆಕ್ಕ ಹಿಂಬಾಗಿಲಿನಿಂದ ಮತ್ತೆ ಪರದೆಗೆ ಸೇರುತ್ತದೆ.

ಈ ಕ್ಲಾಸಿಗೆ ಕೆಲವು ಕಟ್ಟುಪಾಡುಗಳಿವೆ. ಇದರ ಇಂಪೋರ್ಟ್ ಸಾಲುಗಳಲ್ಲಿ ಎಸ್‌ಕ್ಯೂಎಲ್ ಪ್ಯಾಕೇಜೂ ಇರಕೂಡದು, ಸರ್ವ್ಲೆಟ್ ಪ್ಯಾಕೇಜೂ ಇರಕೂಡದು. ಇವತ್ತಿನ ದಿನಾಂಕವನ್ನು ಇದು ತಾನಾಗಿ ಕೇಳಿಕೊಳ್ಳಬಾರದು, ಹೊರಗಿನಿಂದ ಕೊಡಬೇಕು. ನಿಯಮ ಡೇಟಾಬೇಸಿನಲ್ಲೇ ಇರಬಹುದು, ಆದರೆ ಅದನ್ನು ತಂದುಕೊಡುವುದು ಬೇರೆಯವರ ಕೆಲಸ.

ದಶಮಾಂಶವನ್ನು ಅಂದಾಜಾಗಿ ಇಡುವ ಡಬಲ್ ಬಳಸಬೇಡಿ, ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸಿ. ಅದರಲ್ಲೂ 0.6 ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಿ. ನೇರವಾಗಿ ಡಬಲ್ ಆಗಿ ಕೊಟ್ಟರೆ ಹಿಂದೆ ಉದ್ದನೆಯ ಬಾಲ ಅಂಟಿಕೊಂಡು ಬರುತ್ತದೆ. ಇನ್ನೊಂದು ಸಂಗತಿ ಮೊದಲ ದಿನವೇ ನಿಮ್ಮನ್ನು ಹಿಡಿಯುತ್ತದೆ. 6106.184ನ್ನು 75ರಿಂದ ಭಾಗಿಸಿದರೆ ಮುಗಿಯದ ದಶಮಾಂಶ. ಎಷ್ಟು ಅಂಕಿಗೆ, ಯಾವ ಕ್ರಮದಲ್ಲಿ ಸರಿಮಾಡಬೇಕು ಎಂದು ಹೇಳದೆ ಬಿಗ್‌ಡೆಸಿಮಲ್‌ಗೆ ಭಾಗಿಸಲು ಹೇಳಿದರೆ ಅದು ಅರಿತ್‌ಮೆಟಿಕ್ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ. ಒಳ್ಳೆಯದೇ ಆಯಿತು, ಅದು ನಿಮ್ಮನ್ನು ನಿರ್ಧಾರ ಮಾಡುವಂತೆ ಒತ್ತಾಯಿಸುತ್ತಿದೆ. ನನ್ನ ಸಲಹೆ: ಮೊದಲು ದರದಿಂದ ಗುಣಿಸಿ, ಕೊನೆಗೆ ಘಟಕದಿಂದ ಭಾಗಿಸಿ, ಆ ಒಂದು ಕಡೆಯಲ್ಲಿ ಮಾತ್ರ ಎರಡು ದಶಮಾಂಶಕ್ಕೆ ‘ಹಾಫ್ ಅಪ್’ (ಅರ್ಧ ಅಥವಾ ಹೆಚ್ಚಿದ್ದರೆ ಮೇಲಕ್ಕೆ) ಕ್ರಮದಲ್ಲಿ ಸರಿಮಾಡಿ. ಗಿರಣಿಯವರು ಚೀಲಕ್ಕೇ ಮೊದಲು ಸರಿಮಾಡುವ ರೂಢಿ ಇಟ್ಟುಕೊಂಡಿದ್ದರೆ ಅದನ್ನೇ ಬರೆಯಿರಿ. ಯಾವುದಾದರೂ ಸರಿ, ಒಂದೇ ಕಡೆ ಇರಲಿ.

ಈಗ ಎತ್ತಿಟ್ಟ ಸಾಕ್ಷಿ ಪಟ್ಟಿಗಳನ್ನು ಜೆಯುನಿಟ್ ಪರೀಕ್ಷೆಗಳಾಗಿ ಬರೆಯಿರಿ. ಟಾಮ್‌ಕ್ಯಾಟ್ ಚಾಲೂ ಮಾಡಬೇಕಿಲ್ಲ, ಮೈಎಸ್‌ಕ್ಯೂಎಲ್ ಬೇಕಿಲ್ಲ. ಕರೆಂಟು ಹೋದ ಮಧ್ಯಾಹ್ನ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಎಲ್ಲವೂ ಕ್ಷಣದಲ್ಲಿ ಓಡುತ್ತವೆ. ಪರದೆ ಮತ್ತು ಮುದ್ರಣ ಬೇರೆ ಬೇರೆ ಮೊತ್ತ ಹೇಳುತ್ತಿದ್ದ ಪಟ್ಟಿಗಳು ಇಲ್ಲೇ ಬಯಲಾಗುತ್ತವೆ. ಯಾವುದು ಸರಿ ಎಂದು ಲೆಕ್ಕಿಗರನ್ನು ಕೂರಿಸಿಕೊಂಡು ತೀರ್ಮಾನಿಸಿ. ಪರೀಕ್ಷೆಗಳು ಹಸಿರಾದ ಮೇಲೆ, ಹಳೆಯ ಜೆಎಸ್‌ಪಿಯೊಳಗಿನ ಲೆಕ್ಕದ ಸಾಲುಗಳನ್ನು ಅಳಿಸಿ, ಅದೇ ಜಾಗದಿಂದ ಈ ಕ್ಲಾಸನ್ನು ಕರೆಯಿರಿ. ಜೆಎಸ್‌ಪಿ ಇನ್ನೂ ಗಲೀಜಾಗಿಯೇ ಇದೆ, ಇರಲಿ. ಹೀಗೆಯೇ ಗಿರಣಿಗೆ ಕಳಿಸಿ, ಕೆಲವು ದಿನ ನಡೆಯಲಿ.

ಹಂತ 4: ಡೇಟಾಬೇಸಿಗೆ ಒಂದೇ ಬಾಗಿಲು

ಪಟ್ಟಿಗೆ ಒಂದು ಡಿಎಒ (ಡೇಟಾಬೇಸಿನಿಂದ ಓದಿ ಬರೆಯುವ ಕೆಲಸವಷ್ಟೇ ಇರುವ ಕ್ಲಾಸ್), ರೈತರಿಗೆ ಒಂದು, ನಿಯಮಕ್ಕೆ ಒಂದು. ಎಸ್‌ಕ್ಯೂಎಲ್ ಎಂಬುದು ಈ ಕ್ಲಾಸುಗಳನ್ನು ಬಿಟ್ಟು ಬೇರೆಲ್ಲೂ ಕಾಣಬಾರದು. ಮೆಥಡ್‌ಗಳ ಹೆಸರು ಕೆಲಸದ ಭಾಷೆಯಲ್ಲಿರಲಿ: ‘ರೈತನ ಬಾಕಿ ಪಟ್ಟಿಗಳು’, ‘ದಿನದ ಪಟ್ಟಿಗಳು’, ‘ಪಟ್ಟಿ ಉಳಿಸು’. ಎಸ್‌ಕ್ಯೂಎಲ್ ಪಠ್ಯವನ್ನೇ ಕೈಗೆ ಕೊಟ್ಟು ‘ಇದನ್ನು ಓಡಿಸು’ ಎನ್ನುವ ಮೆಥಡ್ ಬರೆದರೆ ಬಾಗಿಲು ಮಾಡಿ ಗೋಡೆ ಕೆಡವಿದಂತೆ.

ಸಂಪರ್ಕವನ್ನು ಟಾಮ್‌ಕ್ಯಾಟಿನ ಡೇಟಾಸೋರ್ಸ್‌ನಿಂದ ಪಡೆಯಿರಿ. ಪಾಸ್‌ವರ್ಡ್ ಕೋಡ್‌ನಿಂದ ಹೊರಬಿದ್ದು ಸರ್ವರಿನ ಸಂರಚನೆಗೆ ಹೋಗುತ್ತದೆ, ಪೂಲಿಂಗ್ (ತೆರೆದ ಸಂಪರ್ಕಗಳನ್ನು ಮತ್ತೆ ಮತ್ತೆ ಬಳಸುವುದು) ಕೂಡ ಅದರ ಜೊತೆಗೇ ಸಿಗುತ್ತದೆ. ತೆರೆದದ್ದನ್ನು ಮುಚ್ಚಲು ಟ್ರೈ-ವಿತ್-ರಿಸೋರ್ಸಸ್ ಬಳಸಿ. 2011ರ ಜಾವಾ 7ರಿಂದಲೇ ಅದು ಇದೆ. ಹಳೆಯ ಕೋಡ್‌ನಲ್ಲಿ ನಡುವೆ ದೋಷ ಬಂದಾಗ ಸಂಪರ್ಕ ಮುಚ್ಚದೇ ಉಳಿದು, ಸುಗ್ಗಿಯ ಸಂಜೆ ಎಲ್ಲರ ಪರದೆಯೂ ಸುತ್ತುತ್ತಾ ನಿಲ್ಲುವುದಕ್ಕೆ ಹೆಚ್ಚಾಗಿ ಇದರ ಕೊರತೆಯೇ ಕಾರಣ.

ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯಗಳನ್ನು ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಿಟ್ಟು ಬೇರೆ ಯಾವುದೂ ಬೇಡ. ರೈತರ ಹೆಸರಿನ ಪಕ್ಕ ಗುಮಾಸ್ತರ ಬೆರಳು ತಪ್ಪಿ ಒಂಟಿ ಉದ್ಧರಣ ಚಿಹ್ನೆ ಬಿದ್ದರೆ, ಪಠ್ಯ ಜೋಡಿಸಿ ಮಾಡಿದ ಎಸ್‌ಕ್ಯೂಎಲ್ ಮುರಿಯುತ್ತದೆ. ಬೇಕೆಂದೇ ಹಾಕಿದರೆ ಟೇಬಲ್ಲೇ ಹೋಗಬಹುದು. ಆದರೆ ಒಂದು ಮಿತಿ ಗೊತ್ತಿರಲಿ. ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಮೌಲ್ಯಗಳನ್ನು ಕೊಡಬಹುದೇ ಹೊರತು ಕಾಲಂ ಹೆಸರನ್ನಲ್ಲ. ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬುದು ಬ್ರೌಸರಿನಿಂದ ಬರುತ್ತಿದ್ದರೆ, ಒಪ್ಪಿಗೆಯಾದ ಹೆಸರುಗಳ ಸಣ್ಣ ಪಟ್ಟಿ ಇಟ್ಟುಕೊಂಡು ಅದರಲ್ಲಿದ್ದರೆ ಮಾತ್ರ ಬಳಸಿ.

ಡೇಟಾಬೇಸಿನ ಉತ್ತರವನ್ನು ಸಾಲುಸಾಲಾಗಿ ಕೊಡುವ ರಿಸಲ್ಟ್‌ಸೆಟ್ ಎಂದೂ ಡಿಎಒದಿಂದ ಹೊರಗೆ ಹೋಗಕೂಡದು. ಅದು ಜೀವಂತವಾಗಿರಲು ಸಂಪರ್ಕ ತೆರೆದಿರಬೇಕು, ಜೆಎಸ್‌ಪಿ ಮುಗಿಯುವವರೆಗೆ ತೆರೆದಿಡುವವರು ಯಾರು? ಸಾಲುಗಳನ್ನು ವಸ್ತುಗಳಾಗಿ ಮಾಡಿ, ಲಿಸ್ಟ್‌ನಲ್ಲಿ ತುಂಬಿ, ಅದನ್ನು ಕೊಡಿ.

ಟೇಬಲ್‌ನಲ್ಲಿ ದುಡ್ಡು ಮತ್ತು ತೂಕಕ್ಕೆ ಡೆಸಿಮಲ್ ಕಾಲಂ, ಫ್ಲೋಟ್ ಬೇಡ. ಪಟ್ಟಿಫಲಿತದ ಅಂಕಿಗಳನ್ನು, ಅಂದು ಅನ್ವಯಿಸಿದ ದರ, ಮಿತಿ, ಕಡಿತ, ಹಮಾಲಿಗಳ ಸಮೇತ ಉಳಿಸಿ. ‘ಲೆಕ್ಕ ಹಾಕಿ ತೆಗೆಯಬಹುದಾದದ್ದನ್ನು ಉಳಿಸಬಾರದು’ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಅದು ಹೊಂದುವುದಿಲ್ಲ. ಈ ಸುಗ್ಗಿಯಲ್ಲಿ ಹಮಾಲಿ ಏರಿತೆಂದು ಹೋದ ಸುಗ್ಗಿಯ ಪಟ್ಟಿ ತೆರೆದಾಗ ಮೊತ್ತ ಬದಲಾದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಹೀಗೆ ಉಳಿಸಿದ ಮೇಲೆ ತಿಂಗಳ ವರದಿಗೆ ಎಸ್‌ಕ್ಯೂಎಲ್‌ನಲ್ಲಿ ಬರೀ ಮೊತ್ತ ಕೂಡಿಸಿದರೆ ಸಾಕು, 75 ಅಲ್ಲಿಗೆ ಬರಬೇಕಾದ ಕಾರಣವೇ ಇರುವುದಿಲ್ಲ.

ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತಿವೆಯೇ? ಟೇಬಲ್‌ನ ಅಕ್ಷರ ಸಂಕೇತವನ್ನು ಯುಟಿಎಫ್8ಎಂಬಿ4ಗೆ ಬದಲಿಸಿ. ಆಗಲೇ ಚಿಹ್ನೆಗಳಾಗಿ ಹೋದ ಹೆಸರುಗಳು ಮರಳುವುದಿಲ್ಲ, ಮತ್ತೆ ಬರೆಸಬೇಕು. ಫಾರ್ಮಿನಿಂದ ಬರುವ ಅಕ್ಷರಗಳು ಕೆಡುತ್ತಿದ್ದರೆ ಅದು ಬೇರೆ ಜಾಗದ ದೋಷ: ಪ್ಯಾರಾಮೀಟರ್ ಓದುವ ಮೊದಲೇ ಬೇಡಿಕೆಯ ಸಂಕೇತವನ್ನು ಯುಟಿಎಫ್-8 ಎಂದು ಹೇಳಬೇಕು. ಪ್ರತಿ ಸರ್ವ್ಲೆಟ್‌ನಲ್ಲಿ ಹೇಳುವ ಬದಲು ಒಂದು ಫಿಲ್ಟರ್‌ನಲ್ಲಿ ಹೇಳಿ.

ಹಂತ 5: ನಡುವಿನ ಸರ್ವಿಸ್

ಲೆಕ್ಕ ಡೇಟಾಬೇಸನ್ನು ಮುಟ್ಟುವುದಿಲ್ಲ, ಡಿಎಒಗೆ ಲೆಕ್ಕ ಗೊತ್ತಿಲ್ಲ. ಇಬ್ಬರನ್ನೂ ಕೂಡಿಸುವುದು ‘ಪಟ್ಟಿಸರ್ವಿಸ್’: ನಿಯಮ ತರಿಸು, ಲೆಕ್ಕ ಮಾಡಿಸು, ಪಟ್ಟಿ ಉಳಿಸು, ಮುಂಗಡ ಮುರಿ.

ಈ ಕೊನೆಯ ಎರಡರ ನಡುವೆ ಅಪಾಯವಿದೆ. ಪಟ್ಟಿ ಉಳಿದು, ಮುಂಗಡ ಮುರಿಯುವ ಮೊದಲು ಸರ್ವರ್ ನಿಂತರೆ ರೈತರ ಸಾಲ ಹಾಗೆಯೇ ಉಳಿಯುತ್ತದೆ, ದುಡ್ಡು ಪೂರ್ತಿ ಕೈ ಸೇರುತ್ತದೆ. ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಡೆಯಬೇಕು, ಅಂದರೆ ಆಗುವುದಾದರೆ ಎರಡೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು. ಪ್ರತಿ ಡಿಎಒ ತನ್ನದೇ ಸಂಪರ್ಕ ತೆರೆದುಕೊಂಡರೆ ಇದು ಸಾಧ್ಯವಿಲ್ಲ. ಹಾಗಾಗಿ ಸರ್ವಿಸ್ ಒಂದು ಸಂಪರ್ಕ ತೆಗೆದುಕೊಂಡು, ಆಟೋಕಮಿಟ್ (ಪ್ರತಿ ಎಸ್‌ಕ್ಯೂಎಲ್ ತಾನಾಗಿ ಖಾಯಂ ಆಗುವುದು) ನಿಲ್ಲಿಸಿ, ಅದನ್ನೇ ಎರಡೂ ಡಿಎಒಗಳಿಗೆ ಕೊಡಲಿ, ಕೊನೆಗೆ ಕಮಿಟ್ (ಎಲ್ಲ ಖಾಯಂ), ದೋಷ ಬಂದರೆ ರೋಲ್‌ಬ್ಯಾಕ್ (ಎಲ್ಲ ರದ್ದು). ‘ಸಂಪರ್ಕ ಎಂಬ ಡೇಟಾಬೇಸಿನ ವಸ್ತು ಸರ್ವಿಸ್‌ಗೆ ಬಂತಲ್ಲ, ಪದರ ಮುರಿಯಲಿಲ್ಲವೇ’ ಎಂದು ಕೇಳುವವರಿದ್ದಾರೆ. ಸ್ವಲ್ಪ ಮುರಿಯಿತು, ನಿಜ. ಅದು ಕಣ್ಣಿಗೆ ಚುಚ್ಚಿದರೆ ಟ್ರಾನ್ಸಾಕ್ಷನ್ ಓಡಿಸುವ ಒಂದು ಸಣ್ಣ ಸಹಾಯಕ ಕ್ಲಾಸ್ ಮಾಡಿ ಅದರಲ್ಲಿ ಮುಚ್ಚಿಡಿ. ಆದರೆ ಯಾವೆರಡು ಕೆಲಸ ಒಟ್ಟಿಗೆ ಆಗಬೇಕು ಎಂಬುದು ವ್ಯವಹಾರದ ನಿರ್ಧಾರ, ಅದು ಸರ್ವಿಸ್‌ನಲ್ಲೇ ಕಾಣಬೇಕು.

ಹಂತ 6: ಸರ್ವ್ಲೆಟ್ ತೆಳ್ಳಗಿರಲಿ

ಸರ್ವ್ಲೆಟ್ ಮಾಡಬೇಕಾದದ್ದು ಇಷ್ಟೇ: ಫಾರ್ಮಿನ ಪಠ್ಯ ಓದು, ಅಂಕಿ ದಿನಾಂಕಗಳಾಗಿ ಬದಲಿಸು, ಸರ್ವಿಸ್ ಕರೆ, ಬಂದದ್ದನ್ನು ರಿಕ್ವೆಸ್ಟ್ ಆಟ್ರಿಬ್ಯೂಟಿನಲ್ಲಿಟ್ಟು ಜೆಎಸ್‌ಪಿಗೆ ಫಾರ್ವರ್ಡ್ ಮಾಡು.

ತಪಾಸಣೆ ಎಲ್ಲಿರಬೇಕೆಂಬ ಗೊಂದಲ ಇಲ್ಲಿ ಬರುತ್ತದೆ. ತೂಕದ ಜಾಗದಲ್ಲಿ ಅಕ್ಷರ ಬರೆದಿದ್ದರೆ ಅದನ್ನು ಹಿಡಿಯುವುದು ಸರ್ವ್ಲೆಟ್. ಖಾಲಿ ತೂಕ ತುಂಬಿದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಹಿಡಿಯುವುದು ಸರ್ವಿಸ್. ನಾಳೆ ಕಾಟಾದಿಂದ ತೂಕ ನೇರವಾಗಿ ಬರುವ ವ್ಯವಸ್ಥೆ ಮಾಡಿದರೆ ಫಾರ್ಮ್ ಇರುವುದಿಲ್ಲ, ಆದರೆ ಆ ಎರಡನೇ ತಪಾಸಣೆ ಆಗಲೂ ಬೇಕು.

ಸರ್ವ್ಲೆಟ್ ಕ್ಲಾಸಿನ ಮೇಲ್ಭಾಗದಲ್ಲಿ ರೈತರ ಹೆಸರು, ತೂಕ ಇತ್ಯಾದಿಗಳನ್ನು ಫೀಲ್ಡ್‌ಗಳಾಗಿ ಇಡಬೇಡಿ. ಟಾಮ್‌ಕ್ಯಾಟ್ ಸಾಮಾನ್ಯವಾಗಿ ಒಂದೇ ಸರ್ವ್ಲೆಟ್ ವಸ್ತುವಿನಿಂದ ಎಲ್ಲರ ಬೇಡಿಕೆಗಳನ್ನೂ ಏಕಕಾಲಕ್ಕೆ ನಡೆಸುತ್ತದೆ. ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ‘ಉಳಿಸು’ ಒತ್ತಿದರೆ ಒಬ್ಬರ ಭತ್ತ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ, ಅದೂ ಅಪರೂಪಕ್ಕೆ, ಕಾರಣವೇ ತಿಳಿಯದಂತೆ.

ಉಳಿಸಿದ ಮೇಲೆ ಫಾರ್ವರ್ಡ್ ಬೇಡ, ರಿಡೈರೆಕ್ಟ್ ಮಾಡಿ, ಅಂದರೆ ಬ್ರೌಸರು ಇನ್ನೊಂದು ವಿಳಾಸವನ್ನು ಹೊಸದಾಗಿ ಕೇಳುವಂತೆ ಮಾಡಿ. ಇಲ್ಲದಿದ್ದರೆ ಗುಮಾಸ್ತರು ಪುಟವನ್ನು ರಿಫ್ರೆಶ್ ಮಾಡಿದ ಕೂಡಲೇ ಅದೇ ಪಟ್ಟಿ ಎರಡನೇ ಬಾರಿ ಉಳಿಯುತ್ತದೆ.

ಹಂತ 7: ಜೆಎಸ್‌ಪಿಯಲ್ಲಿ ಉಳಿಯಬೇಕಾದದ್ದು

ಜೆಎಸ್‌ಪಿಗಳನ್ನು ವೆಬ್-ಇನ್ಫ್ ಫೋಲ್ಡರಿನೊಳಗೆ ಹಾಕಿ. ಆಗ ಬ್ರೌಸರಿನಿಂದ ನೇರವಾಗಿ ಯಾರೂ ತೆರೆಯಲಾಗುವುದಿಲ್ಲ, ಸರ್ವ್ಲೆಟ್ ಮೂಲಕವೇ ಬರಬೇಕು. ಒಳಗೆ <% ಚಿಹ್ನೆಗಳ ನಡುವಿನ ಜಾವಾ ಪೂರ್ತಿ ಹೋಗಲಿ, ಸುತ್ತುವುದಕ್ಕೂ ಆಯ್ಕೆಗೂ ಜೆಎಸ್‌ಟಿಎಲ್ ಎಂಬ ಸಿದ್ಧ ಟ್ಯಾಗುಗಳು ಸಾಕು. ಡಾಲರ್ ಚಿಹ್ನೆಯ ಎಕ್ಸ್‌ಪ್ರೆಶನ್ ಭಾಷೆ ಪಠ್ಯವನ್ನು ತಾನಾಗಿ ಸುರಕ್ಷಿತಗೊಳಿಸುವುದಿಲ್ಲ ಎಂಬುದು ನೆನಪಿರಲಿ. ಬಳಕೆದಾರರು ಬರೆದ ಹೆಸರು, ಷರಾ ಮುಂತಾದವನ್ನು ‘ಔಟ್’ ಟ್ಯಾಗಿನ ಮೂಲಕವೇ ತೋರಿಸಿ.

ಪರದೆಯಲ್ಲೂ ‘ಆದರೆ-ಇಲ್ಲದಿದ್ದರೆ’ ಇರಬಹುದು, ಅದಕ್ಕೆ ಹೆದರಬೇಕಿಲ್ಲ. ಪಟ್ಟಿಗಳೇ ಇಲ್ಲದಿದ್ದರೆ ‘ಇಂದು ಪಟ್ಟಿಗಳಿಲ್ಲ’ ಎಂದು ತೋರಿಸುವುದು ಪರದೆಯ ಕೆಲಸವೇ. ಯಾವ ಬಾಕಿ ಅವಧಿ ಮೀರಿದೆ ಎಂದು ಹೇಳಬೇಕಾದದ್ದು ಸರ್ವಿಸ್. ಮೀರಿದ್ದನ್ನು ಕೆಂಪಾಗಿ ತೋರಿಸಬೇಕೆಂಬುದು ಜೆಎಸ್‌ಪಿಗೆ ಬಿಟ್ಟದ್ದು.

ಮೂರು ಸಣ್ಣ ಮುಳ್ಳುಗಳು. ಲಕ್ಷದ ಅಲ್ಪವಿರಾಮ: ಜಾವಾದ ಡೆಸಿಮಲ್‌ಫಾರ್ಮ್ಯಾಟ್‌ಗೆ ನೀವು ಹೇಗೆ ನಮೂನೆ ಬರೆದುಕೊಟ್ಟರೂ ಅದು ಕೊನೆಯ ಗುಂಪಿನ ಅಳತೆಯನ್ನೇ ಎಲ್ಲ ಕಡೆ ಬಳಸಿ 154,689.99 ಎನ್ನುತ್ತದೆ. ಐಸಿಯು4ಜೆ ಲೈಬ್ರರಿ ತನ್ನಿ, ಅಥವಾ ಸ್ವಂತ ಸಣ್ಣ ಮೆಥಡ್ ಬರೆದು ಅದನ್ನು ಟ್ಯಾಗ್ ಲೈಬ್ರರಿಯ ಫಂಕ್ಷನ್ ಆಗಿ ಜೆಎಸ್‌ಪಿಗೆ ಕೊಡಿ, ಪ್ಯಾಕೇಜು ಮಾತ್ರ ಪರದೆಯದ್ದೇ ಇರಲಿ. ದಿನಾಂಕ: ಜೆಎಸ್‌ಟಿಎಲ್‌ನ ದಿನಾಂಕ ಟ್ಯಾಗು ಹಳೆಯ ಡೇಟ್ ವಸ್ತುವನ್ನು ಮಾತ್ರ ಒಪ್ಪುತ್ತದೆ, ಲೋಕಲ್‌ಡೇಟ್ ಕೊಟ್ಟರೆ ದೋಷ. ಇದಕ್ಕೂ ಅಂಥದ್ದೇ ಫಂಕ್ಷನ್ ಮಾಡಿ. ರೆಕಾರ್ಡ್: ಪಟ್ಟಿಫಲಿತವನ್ನು ಜಾವಾದ ರೆಕಾರ್ಡ್ ಆಗಿ ಬರೆದಿದ್ದರೆ ಟಾಮ್‌ಕ್ಯಾಟ್ 10.1ರ ಎಕ್ಸ್‌ಪ್ರೆಶನ್ ಭಾಷೆ ಅದರ ಭಾಗಗಳನ್ನು ಗುಣದ ಹೆಸರಿನಿಂದ ಗುರುತಿಸುವುದಿಲ್ಲ. ಮುಂದೆ ಆವರಣ ಚಿಹ್ನೆ ಹಾಕಿ ಮೆಥಡ್ ಆಗಿ ಕರೆಯಬೇಕು, ಅಥವಾ ಹಳೆಯ ಗೆಟ್ಟರ್‌ಗಳಿರುವ ಕ್ಲಾಸೇ ಬರೆಯಬೇಕು. ಟಾಮ್‌ಕ್ಯಾಟ್ 11ರಲ್ಲಿ ಈ ತೊಂದರೆ ಇಲ್ಲ.

ಹಂತ 8: ಬೀಗ ಹಾಕಿ

ಬಿಡಿಸಿದ್ದು ಬಿಡಿಸಿದಂತೆ ಉಳಿಯುವುದಿಲ್ಲ. ಸುಗ್ಗಿಯ ಗಡಿಬಿಡಿಯಲ್ಲಿ ‘ಇದೊಂದು ಸಾಲು ತಾನೆ’ ಎಂದು ಯಾರೋ ಜೆಎಸ್‌ಪಿಯೊಳಗೆ ಮತ್ತೆ ಜಾವಾ ತುರುಕುತ್ತಾರೆ. ಇದಕ್ಕೆ ಉಪದೇಶ ನಾಟುವುದಿಲ್ಲ, ಯಂತ್ರವೇ ತಡೆಯಬೇಕು. ವೆಬ್ ಎಕ್ಸ್‌ಎಂಎಲ್ ಕಡತದಲ್ಲಿ ಜೆಎಸ್‌ಪಿ ಪ್ರಾಪರ್ಟಿ ಗ್ರೂಪ್ ಎಂಬ ಭಾಗವಿದೆ. ಅದರಲ್ಲಿ ‘ಸ್ಕ್ರಿಪ್ಟಿಂಗ್ ಇನ್‌ವ್ಯಾಲಿಡ್’ ಎಂಬುದನ್ನು ‘ಟ್ರೂ’ ಮಾಡಿದರೆ, ಜಾವಾ ತುಣುಕು ಇರುವ ಜೆಎಸ್‌ಪಿ ಓಡುವುದೇ ಇಲ್ಲ. ಹಳೆಯ ಪುಟಗಳು ಇನ್ನೂ ಉಳಿದಿದ್ದರೆ ಹೊಸ ಪುಟಗಳ ಫೋಲ್ಡರಿಗೆ ಮಾತ್ರ ಈ ನಿಯಮ ಹಾಕಿ, ಪುಟಗಳನ್ನು ಒಂದೊಂದಾಗಿ ಅದರೊಳಗೆ ಸ್ಥಳಾಂತರಿಸುತ್ತಾ ಬನ್ನಿ. ಲೆಕ್ಕದ ಪ್ಯಾಕೇಜು ಎಸ್‌ಕ್ಯೂಎಲ್ ಅಥವಾ ಸರ್ವ್ಲೆಟ್ ಪ್ಯಾಕೇಜನ್ನು ಇಂಪೋರ್ಟ್ ಮಾಡಿದರೆ ಬಿಲ್ಡ್ ನಿಲ್ಲುವಂತೆ ಮಾಡಲು ಆರ್ಕ್‌ಯುನಿಟ್ ಲೈಬ್ರರಿ ಇದೆ. ಬೇಡವೆಂದರೆ ಆ ಫೋಲ್ಡರಿನ ಕಡತಗಳಲ್ಲಿ ಇಂಪೋರ್ಟ್ ಸಾಲು ಹುಡುಕುವ ಒಂದು ಪರೀಕ್ಷೆ ಬರೆದರೂ ನಡೆಯುತ್ತದೆ.

ಯಾವಾಗ, ಎಷ್ಟು

ಮುಂಗಾರು ಬೆಳೆಯ ಕೊಯ್ಲು ನಡೆಯುವ ನವೆಂಬರ್, ಡಿಸೆಂಬರಿನಲ್ಲಿ ಯಾವ ಗಿರಣಿಯ ತಂತ್ರಾಂಶವನ್ನೂ ಮುಟ್ಟಬೇಡಿ. ತುಂಗಭದ್ರೆಯ ನೀರು ಸಾಕಷ್ಟಿದ್ದು ಎರಡನೇ ಬೆಳೆ ಬಂದ ವರ್ಷ ಬೇಸಿಗೆಯ ಕೊಯ್ಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆಗಾಲದ ಮೊದಲ ತಿಂಗಳುಗಳು ಈ ಕೆಲಸಕ್ಕೆ ಹೇಳಿಮಾಡಿಸಿದವು. ಪುಟವೊಂದನ್ನು ಬದಲಿಸಿದ ಮೇಲೆ ಕೆಲವು ದಿನ ಹಳೆಯದರ ಮೊತ್ತವನ್ನೂ ಹಿನ್ನೆಲೆಯಲ್ಲಿ ಲೆಕ್ಕ ಹಾಕಿಸಿ, ವ್ಯತ್ಯಾಸ ಬಂದರೆ ಲಾಗ್‌ನಲ್ಲಿ ಬರೆಯಿಸಿ.

ಅತಿ ಮಾಡುವವರೂ ಇದ್ದಾರೆ. ಪ್ರತಿ ಕ್ಲಾಸಿಗೆ ಒಂದು ಇಂಟರ್‌ಫೇಸ್, ಅದಕ್ಕೊಂದೇ ‘ಇಂಪ್ಲ್’ (ಅದನ್ನು ಜಾರಿಗೊಳಿಸುವ ಕ್ಲಾಸ್), ಅದೇ ಐದು ಫೀಲ್ಡ್‌ಗಳನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸುರಿಯುವ ಮ್ಯಾಪರ್‌ಗಳ ಸಾಲು. ಇಬ್ಬರು ನೋಡಿಕೊಳ್ಳುವ ಗಿರಣಿಯ ತಂತ್ರಾಂಶಕ್ಕೆ ಅದು ಹೊರೆ. ಎರಡನೇ ಬಗೆಯ ಸಂಗ್ರಹ ನಿಜವಾಗಿ ಬಂದ ದಿನ ಇಂಟರ್‌ಫೇಸ್ ಮಾಡಿಕೊಳ್ಳಿ, ಎಡಿಟರ್ ಅದನ್ನು ಒಂದು ಕ್ಲಿಕ್‌ನಲ್ಲಿ ಮಾಡಿಕೊಡುತ್ತದೆ.

ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿಗೆ ಹೋಗಬೇಕೇ ಎಂಬ ಪ್ರಶ್ನೆಯನ್ನು ಈಗಲ್ಲ, ಈ ಎಂಟು ಹಂತಗಳಾದ ಮೇಲೆ ಕೇಳಿಕೊಳ್ಳಿ. ಆಗ ಸರ್ವ್ಲೆಟ್‌ಗಳ ಜಾಗಕ್ಕೆ ಕಂಟ್ರೋಲರ್ ಬರುತ್ತದೆ, ಕೈಯಿಂದ ಬರೆದ ಟ್ರಾನ್ಸಾಕ್ಷನ್ ಜಾಗಕ್ಕೆ ಒಂದು ಅನೋಟೇಶನ್ ಬರುತ್ತದೆ. ಅಲ್ಲಿ ಜೆಎಸ್‌ಪಿಗೆ ಮಿತಿಗಳಿರುವುದರಿಂದ ಪರದೆಗೆ ಬಹುಶಃ ಥೈಮ್‌ಲೀಫ್ ಎಂಬ ಪುಟ ರೂಪಿಸುವ ಲೈಬ್ರರಿ ಬರಬಹುದು. ಪಟ್ಟಿಲೆಕ್ಕದ ಕ್ಲಾಸು ಮತ್ತು ಅದರ ಪರೀಕ್ಷೆಗಳು ಒಂದಕ್ಷರವೂ ಬದಲಾಗದೆ ಹಾಗೆಯೇ ಹೋಗುತ್ತವೆ. ಬದಲಿಸಬೇಕಾಗಿ ಬಂದರೆ ಹಂತ 3ಕ್ಕೆ ಹಿಂದಿರುಗಿ, ಅಲ್ಲಿ ಯಾವ ಇಂಪೋರ್ಟ್ ನುಸುಳಿದೆ ಎಂದು ನೋಡಿ.